ನೇರಳೆ ಕಂಬಗಳ ಆಚೆ

ನನ್ನ ಹೆಂಡತಿ ವೆಲ್ಡಾಳನ್ನು ಮಣ್ಣು ಮಾಡಿ ಬಂದ ದಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ಲೋಟ ಇಡಲೂ ಜಾಗವಿರಲಿಲ್ಲ. ಚರ್ಚಿನ ಹೆಂಗಸರು ತಂದ ಪಾತ್ರೆಗಳೇ ತುಂಬಿದ್ದವು. ನಮ್ಮ ಕಡೆ ಸಾವಿನ ಮನೆಗೆ ಅಡುಗೆ ಕಳಿಸುವಾಗ ಪಾತ್ರೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ದುಃಖದಲ್ಲಿರುವವರು ಯಾವ ಪಾತ್ರೆ ಯಾರದೆಂದು ಹುಡುಕುತ್ತಾ ಕೂರಬಾರದೆಂದು. ಚಳಿ ಇಳಿಯುವುದರೊಳಗೆ ಒಂದೊಂದಾಗಿ ಎಲ್ಲವನ್ನೂ ಹಿಂದಿರುಗಿಸಿದೆ. ಯಾವುದನ್ನೂ ಖಾಲಿ ಕೊಡಲಿಲ್ಲ. ಖಾಲಿ ಪಾತ್ರೆ ಹಿಂದಿರುಗಿಸುವುದು ವೆಲ್ಡಾಳ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅವಳು ಹೋದ ಮೇಲೂ ಅದು ಅವಳ ಮನೆಯೇ.

ಒಂದು ಪಾತ್ರೆ ಮಾತ್ರ ಉಳಿಯಿತು. ನೀಲಿ ಅಂಚಿನ ಪಿಂಗಾಣಿ ಪಾತ್ರೆ. ನಾವೆಲ್ಲ ಸ್ಮಶಾನದಲ್ಲಿದ್ದಾಗ ಯಾರೋ ಜಗುಲಿಯ ಮೇಲೆ ಇಟ್ಟು ಹೋಗಿದ್ದರು. ಒಳಗೆ ಬೆಣ್ಣೆಯಲ್ಲಿ ಹುರಿದ ಎಲೆಕೋಸು, ಅಗಲವಾದ ನೂಡಲ್ಸ್. ನಮ್ಮ ಹೆಂಗಸರು ಯಾರೂ ಮಾಡದ ಅಡುಗೆ. ತಳದಲ್ಲಿ 'ಕೊರ್ನೀಲಿಯಾ ವೊಯ್ಟಾಸ್' ಎಂದಿತ್ತು. ನೆರೆಯ ಫ್ಯಾರೋ ಮುದುಕ ತೀರಿಕೊಂಡ ಮೇಲೆ ಅವನ ಜಮೀನನ್ನು ಕೊಂಡು, ಹೋದ ವರ್ಷ ವಸಂತ ಮುಗಿದ ಮೇಲೆ ಉತ್ತರದ ಮಿಲ್ವಾಕಿ ನಗರದಿಂದ ಬಂದ ಹೆಂಗಸು. ಅವಳ ಮನೆ ನಮ್ಮ ಮನೆಯಿಂದ ಹಳ್ಳ ದಾಟಿದರೆ ಸಿಗುತ್ತದೆ. ಆದರೂ ಆ ಪಾತ್ರೆಯನ್ನು ಕೊಟ್ಟು ಬರಲು ನನ್ನಿಂದ ಆಗಲಿಲ್ಲ. ಅವಳ ಗೇಟಿನ ಎರಡು ಕಂಬಗಳೂ ನೇರಳೆ ಬಣ್ಣದವು.

ನಮ್ಮ ಮಿಸ್ಸೂರಿ ರಾಜ್ಯದಲ್ಲಿ ಹುಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಕ್ಕೋ ಕಂಬಕ್ಕೋ ನೇರಳೆ ಬಣ್ಣದ ಒಂದು ಗೀಟು ಎಳೆದರೆ 'ಒಳಗೆ ಬರಬೇಡ' ಎಂದು ಅರ್ಥ. ಬೋರ್ಡು ಬೇಡ, ಬೀಗ ಬೇಡ, ಕಾನೂನೇ ಹಾಗಿದೆ. ಈ ಹೆಂಗಸು ಗೀಟು ಎಳೆದು ಸುಮ್ಮನಾಗಿರಲಿಲ್ಲ. ಕಂಬಗಳನ್ನು ಬುಡದಿಂದ ತುದಿಯವರೆಗೆ ಬಳಿದಿದ್ದಳು.

ಆ ಗೇಟಿನ ಆಚೆಗಿನ ದಿಣ್ಣೆಯ ಮೇಲೆ ನಾನು ಹರೆಯದಿಂದ ಪ್ರತಿ ವಸಂತದಲ್ಲೂ ಟರ್ಕಿ ಕೋಳಿಯ ಬೇಟೆಯಾಡಿದವನು. ಬೇಟೆ ನನ್ನದು, ಅಪ್ಪಣೆ ಕೇಳುವ ಕೆಲಸ ವೆಲ್ಡಾಳದು. ಇನ್ನೊಬ್ಬರ ಬಾಗಿಲಲ್ಲಿ ನಿಂತು ಬಾಯಿಬಿಡುವುದು ನನಗೆ ಬಾರದು. ಮಾರ್ಚ್ ತಿಂಗಳಲ್ಲಿ ಅವಳು ಒಂದು ಹಣ್ಣಿನ ಪೈ ಮಾಡಿಕೊಂಡು ಫ್ಯಾರೋನ ಮನೆಗೆ ಹೋಗಿ, ಕೇಳಿ, ನಗುತ್ತಾ ಬರುತ್ತಿದ್ದಳು. "ಅದರಲ್ಲಿ ಏನಿದೆ ಅರ್ವಿಲ್? ನೀನು ಹುಂಜನ್ನ ಕರೆಯೋ ಹಾಗೇನೇ. ಒಂದ್ಸಲ ಕೇಳ್ಬೇಕು, ಆಮೇಲೆ ಬಾಯಿ ಮುಚ್ಕೊಂಡು ಕೂರ್ಬೇಕು" ಎನ್ನುತ್ತಿದ್ದಳು. ಆ ದಿಣ್ಣೆಯ ಮೇಲಿನ ಬಿಳಿ ಓಕ್ ಮರದ ಬುಡದಲ್ಲಿ ಕತ್ತಲು ಹರಿಯುವ ಹೊತ್ತಿಗೆ ಕುಳಿತರೆ, ಚರ್ಚಿನಲ್ಲಿ ಬಾರದ ಪ್ರಾರ್ಥನೆ ನನಗೆ ತಾನಾಗಿ ಬರುತ್ತಿತ್ತು. ಅವಳು ಹೋದ ಮೇಲೆ ಎಲ್ಲಿಯೂ ಬರಲಿಲ್ಲ. ಊಟಕ್ಕೆ ಮುಂಚಿನ ಪ್ರಾರ್ಥನೆ ಕೂಡ ನಿಂತುಹೋಯಿತು. ನಾನು ಹೇಳಿ ಮುಗಿಸಿದಾಗ ಎದುರಿನಿಂದ 'ಆಮೆನ್' ಎನ್ನುವವರು ಇರಲಿಲ್ಲ. ಈ ವಸಂತದಲ್ಲಿ ಕೂರಲು ಒಂದು ಜಾಗ ಸಿಗದಿದ್ದರೆ ಕೋವಿಯನ್ನು ತಂಗಿಯ ಮಗನಿಗೆ ಕೊಟ್ಟುಬಿಡುತ್ತೇನೆ ಎಂದು ದೇವರಿಗೆ ಹೇಳಿದ್ದೆ. ಹರಕೆಯಲ್ಲ, ದೂರೂ ಅಲ್ಲ. ಸುಮ್ಮನೆ ಹೇಳಿದ್ದೆ.

ಬೇಟೆಗೆ ಸರ್ಕಾರ ಅನುಮತಿ ಕೊಡುವ ಕಾಲ ಶುರುವಾದ ದಿನ ಸರ್ಕಾರಿ ಕಾಡಿಗೆ ಹೋದೆ. ರಸ್ತೆಯ ಬದಿಯಲ್ಲಿ ಗಾಡಿಗಳು ಜಾತ್ರೆಯಂತೆ ನಿಂತಿದ್ದವು. ಮೊಣಕಾಲು ಸಾಗಿದಷ್ಟು ದೂರ ಗುಡ್ಡ ಹತ್ತಿ ಒಂದು ಮರಕ್ಕೆ ಒರಗಿ ಕುಳಿತು, ಮರದ ಪುಟ್ಟ ಪೆಟ್ಟಿಗೆಯನ್ನು ತೆಗೆದೆ. ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಥೇಟ್ ಹೇಂಟೆ ಟರ್ಕಿಯ ಕೂಗು ಹೊರಡುತ್ತದೆ. ಆ ಕೂಗಿಗೆ ಹುಂಜ ಬರಬೇಕು.

ಹುಂಜ ಬರಲಿಲ್ಲ. ಆದರೆ ಕೆಳಗಿನ ಕಣಿವೆಯಿಂದ ಒಂದು ಹೇಂಟೆ ಉತ್ತರ ಕೊಟ್ಟಿತು. ಹೇಂಟೆ ಇದ್ದಲ್ಲಿ ಹಿಂದೆಯೇ ಹುಂಜ ಇರುತ್ತದೆ ಎಂದು ನಾನು ಇನ್ನಷ್ಟು ಮೆಲ್ಲಗೆ ಕರೆದೆ. ಅದೂ ಮೆಲ್ಲಗೆ ಕರೆಯಿತು. ನಾನು ಮುನಿಸಿಕೊಂಡಂತೆ ಕೂಗಿದೆ. ಅದೂ ಮುನಿಸಿಕೊಂಡಿತು. ಹೀಗೆ ಬಿಸಿಲು ಮರದ ತುದಿಯಿಂದ ನಡುವಿಗೆ ಇಳಿಯುವವರೆಗೆ ನಾವಿಬ್ಬರೂ ಮಾತಾಡಿದೆವು. ಆಮೇಲೆ ಹೇಂಟೆ ಸೀನಿತು.

"ಹೋಯ್ಟ್?" ಎಂದೆ.

ಪೊದೆಯ ಹಿಂದಿನಿಂದ ಒಂದು ಟೋಪಿ ಎದ್ದಿತು. ನಮ್ಮ ಚರ್ಚಿನ ಡೀಕನ್, ನನ್ನ ಬಾಲ್ಯದ ಗೆಳೆಯ ಹೋಯ್ಟ್.

"ಥೂ ನಿನ್ನ! ನೀನೇನೋ ಅರ್ವಿಲ್? ಎಷ್ಟು ಚೆಂದ ಕರೀತಿದ್ದೆಯೋ! ಇಂಥವಳ ಹಿಂದೆ ಹುಂಜ ಬರ್ದೇ ಇರ್ತಾನಾ ಅಂತ ಸೊಂಟ ಹಿಡ್ಕೊಂಡು ಕೂತಿದ್ದೀನಿ!"

"ನಾನೂ ಹಾಗೇ ಅಂದ್ಕೊಂಡು ಕೂತಿದ್ದೆ."

"ಸರಿ ಹೋಯ್ತು. ಇವತ್ತು ಈ ಕಾಡಲ್ಲಿದ್ದ ಹೇಂಟೆಗಳು ನಾವಿಬ್ಬರೇ. ಅದೂ ಹಲ್ಲು ಬಿದ್ದ ಹೇಂಟೆಗಳು."

ಅವನ ಮಾತು ಮುಗಿಯುವ ಮುನ್ನವೇ ರಸ್ತೆಯ ಆಚೆಯಿಂದ, ಫ್ಯಾರೋನ ದಿಣ್ಣೆಯಿಂದ, ನಿಜವಾದ ಹುಂಜ ಕೂಗಿತು. ಗಂಟಲು ಮುಕ್ಕಳಿಸಿದಂತಹ ಆ ದೊಡ್ಡ ಕೂಗು ಕಣಿವೆಯಲ್ಲೆಲ್ಲ ಉರುಳಿಕೊಂಡು ಬಂತು. ಇಬ್ಬರೂ ಟೋಪಿ ತೆಗೆದು ನಿಂತೆವು.

"ರಾಜ ಅಲ್ಲಿ ಕೂತಿದ್ದಾನೆ" ಎಂದ ಹೋಯ್ಟ್. "ಅವನಿಗೂ ಕಾನೂನು ಗೊತ್ತು ಕಣೋ. ನೇರಳೆ ಕಂಬದ ಆಚೆ ನಿಂತು ನಮ್ಮನ್ನ ಆಡ್ಕೊಳ್ತಿದ್ದಾನೆ."

"ಆ ಹೆಂಗಸಿನ ಪಾತ್ರೆಯೊಂದು ನನ್ನ ಹತ್ರ ಇದೆ. ಕೊಡ್ಬೇಕು."

"ಹುಚ್ಚಾ ನಿಂಗೆ? ಒಂದು ಗೀಟು ಅಂದ್ರೆ ಬರಬೇಡ ಅಂತ. ಇಡೀ ಕಂಬ ಬಳಿದಿದ್ದಾಳೆ ಅಂದ್ರೆ, ಬಂದ್ರೆ ಗುಂಡೇ! ನಮ್ಮ ಪಾಸ್ಟರ್ ಕೂಡ ಗೇಟಿನ ತನಕ ಹೋಗಿ, ಗಾಡಿಯಲ್ಲೇ ಪ್ರಾರ್ಥನೆ ಮಾಡಿ ವಾಪಸ್ ಬಂದ್ರು."

ಇಳಿದು ಬರುವಾಗ ಸತ್ತ ಎಲ್ಮ್ ಮರದ ಬುಡದಲ್ಲಿ ಮೊರೆಲ್ ಅಣಬೆ ಎದ್ದಿದ್ದವು. ಟೋಪಿ ತುಂಬ ಆಯ್ದುಕೊಂಡೆ. ಮನೆಗೆ ಬಂದು ತೊಳೆದು ಇಟ್ಟಾಗ, ಆ ನೀಲಿ ಅಂಚಿನ ಪಾತ್ರೆಗೆ ಅವು ಸರಿಯಾಗಿ ತುಂಬಿದವು. ಇನ್ನು ನೆವ ಹೇಳುವ ಹಾಗಿರಲಿಲ್ಲ.

ಹಳ್ಳ ದಾಟುವಾಗ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡೆ. ಪಾತ್ರೆ ಕೊಡುವುದು, ಉಪಕಾರ ಹೇಳುವುದು, ಹಿಂದಿರುಗುವುದು. ಬೇಟೆಯ ಮಾತು ಎತ್ತುವುದಿಲ್ಲ. ಸಾವಿನ ಮನೆಗೆ ಅನ್ನ ಕಳಿಸಿದವಳ ಎದುರು ಉಪಕಾರದ ಬಾಲಕ್ಕೆ ಬೇಡಿಕೆ ಕಟ್ಟಿಕೊಂಡು ಹೋಗಬಾರದು.

ಗೇಟಿನ ಮುಂದೆ ಬಹಳ ಹೊತ್ತು ನಿಂತೆ. ಕೋವಿಯಿಲ್ಲ, ಕೈಯಲ್ಲಿ ಅಣಬೆಯ ಪಾತ್ರೆ. ಆದರೂ ಎಪ್ಪತ್ತು ದಾಟಿದ ಕಾಲುಗಳು ಆ ಎರಡು ಕಂಬಗಳ ನಡುವೆ ಹೋಗಲು ಒಪ್ಪಲಿಲ್ಲ. ಕೊನೆಗೆ ಪಾತ್ರೆಯನ್ನು ಎದೆಯ ಮುಂದೆ ಎತ್ತಿ ಹಿಡಿದು, ದೂರದಿಂದಲೇ ಕಾಣಲಿ ಎಂದು, ಪ್ರಭುವಿನ ಹೆಸರು ಹೇಳಿಕೊಂಡು ಒಳಗೆ ನಡೆದೆ.

ಬಾಗಿಲು ತೆರೆದವಳು ನನಗಿಂತ ಹತ್ತಾರು ವರ್ಷ ಚಿಕ್ಕವಳು. ತೋಳಿನವರೆಗೆ ಮೇಣ ಮೆತ್ತಿತ್ತು. ಅಂಗಳದಲ್ಲಿ ಜೇನುಪೆಟ್ಟಿಗೆಗಳ ಸಾಲು. ನನ್ನನ್ನು ನೋಡಿದವಳೇ ಗಾಬರಿಯಾದಳು.

"ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲಮ್ಮ. ನಾನು ಅರ್ವಿಲ್ ಟ್ಯಾಕೆಟ್. ವೆಲ್ಡಾಳ ಗಂಡ. ನಿಮ್ಮ ಪಾತ್ರೆ."

ಅವಳು ಪಾತ್ರೆ ನೋಡಿದಳು, ಅಣಬೆ ನೋಡಿದಳು. ಕಣ್ಣು ತುಂಬಿಕೊಂಡಿತು. "ಒಳಗೆ ಬನ್ನಿ, ದಯವಿಟ್ಟು ಬನ್ನಿ. ಟಪಾಲು ಪೆಟ್ಟಿಗೆ ಹತ್ರ ನಿಮ್ಮಾಕೆ ನನಗೆ ಕೈ ಬೀಸೋರು. ಈ ಊರಲ್ಲಿ ನನಗೆ ಕೈ ಬೀಸ್ತಿದ್ದವರು ಅವರೊಬ್ಬರೇ."

ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಇಟ್ಟಳು. ಒಬ್ಬಂಟಿ ಮನೆಯ ಮೇಜು ನನಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಕುರ್ಚಿಯ ಮುಂದೆ ಮಾತ್ರ ಬಣ್ಣ ಸವೆದಿರುತ್ತದೆ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ ಟ್ಯಾಕೆಟ್ ಅವರೇ" ಎಂದಳು. "ನಾನು ಕ್ಯಾಥೋಲಿಕ್ ಅಂತಾನಾ ಯಾರೂ ಇತ್ತ ಬರ್ದೇ ಇರೋದು? ಬಂದ ಹೊಸತರಲ್ಲಿ ಪ್ರತಿ ಭಾನುವಾರ ಕೇಕ್ ಮಾಡಿ ಇಟ್ಕೊಂಡು ಕಾಯ್ತಿದ್ದೆ. ಹಳ್ಳಿ ಜನ ಬರ್ತಾರೆ, ಹೋಗ್ತಾರೆ ಅಂತ ಎಲ್ಲರೂ ಹೇಳಿದ್ರು. ಒಂದು ನರಪಿಳ್ಳೇನೂ ಬರ್ಲಿಲ್ಲ. ಗಾಡಿಗಳು ಗೇಟಿನ ತನಕ ಬರ್ತವೆ, ತಿರುಗಿ ಹೋಗ್ತವೆ."

"ಕಂಬಗಳಮ್ಮ" ಎಂದೆ.

"ಕಂಬಗಳಿಗೆ ಏನಾಗಿದೆ?"

"ನೇರಳೆ."

"ಹೌದು. ಸಾಮಾನು ತರೋ ಹುಡುಗರಿಗೆ ದಾರಿ ಗೊತ್ತಾಗ್ತಿರ್ಲಿಲ್ಲ. ಜೇನುಪೆಟ್ಟಿಗೆಗೆ ಬಳಿದ ಬಣ್ಣ ಮಿಕ್ಕಿತ್ತು. ದೂರದಿಂದ ಚೆನ್ನಾಗಿ ಕಾಣ್ಲಿ, ಬರೋರು ಸಲೀಸಾಗಿ ಬರ್ಲಿ ಅಂತ..."

ನಾನು ಕಾನೂನು ಹೇಳಿದೆ. ಒಂದು ಗೀಟಿನ ಅರ್ಥ ಹೇಳಿದೆ. ಇಡೀ ಕಂಬಕ್ಕೆ ಹೋಯ್ಟ್ ಕೊಟ್ಟ ಅರ್ಥವನ್ನೂ, ಪಾಸ್ಟರ್ ಗಾಡಿಯಲ್ಲಿ ಕುಳಿತು ಮಾಡಿದ ಪ್ರಾರ್ಥನೆಯನ್ನೂ ಹೇಳಿದೆ. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಮೊದಲು ಭುಜ ಅಲುಗಿತು. ಅಳುತ್ತಾಳೋ ಎಂದು ನಾನು ಎದ್ದು ನಿಂತೆ. ಅವಳು ನಗುತ್ತಿದ್ದಳು. ಮೇಜಿಗೆ ಹಣೆ ಹಚ್ಚಿ ನಕ್ಕಳು. ಆ ನಗು ನನಗೂ ಹತ್ತಿತು. ಚಳಿಗಾಲದಿಂದ ಎದೆಯಲ್ಲಿ ಕಲ್ಲಿನಂತೆ ಕುಳಿತಿದ್ದುದೇನೋ ಸ್ವಲ್ಪ ಸರಿಯಿತು.

"ನನ್ನ ಮೇಲೆ ಯಾರಿಗೂ ಸಿಟ್ಟಿಲ್ಲ ಹಾಗಾದ್ರೆ?"

"ಸಿಟ್ಟಾ? ನಿಮಗೆ ಹೆದರಿ ಇಡೀ ಊರು ನಡುಗ್ತಿದೆಯಮ್ಮ."

ಆಗ ಹೊರಗೆ ಯಾರೋ ತಗಡು ಬಡಿದಂತೆ ಸದ್ದಾಯಿತು. ಕೊರ್ನೀಲಿಯಾ ಪೊರಕೆ ಹಿಡಿದು ಎದ್ದಳು. "ಬಂತು ನೋಡಿ ಶನಿ!" ಕಿಟಕಿಯಿಂದ ನೋಡಿದೆ. ಒಂದು ದೊಡ್ಡ ಟರ್ಕಿ ಹುಂಜ ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಎಳೆಯುತ್ತಾ, ಅವಳ ಕಾರಿನ ಬಾಗಿಲಲ್ಲಿ ಕಂಡ ತನ್ನದೇ ಬಿಂಬದ ಜೊತೆ ಜಗಳಕ್ಕೆ ನಿಂತಿತ್ತು. ಎದೆಯಿಂದ ಜೋಲುವ ಗಡ್ಡದಂತಹ ಗರಿಗೊಂಚಲು ನೆಲ ಗುಡಿಸುವಷ್ಟು ಉದ್ದ.

"ದಿನಾ ಬರುತ್ತೆ. ಕಾರೆಲ್ಲ ಕುಕ್ಕಿ ಹಾಳು ಮಾಡಿದೆ. ನನ್ನನ್ನೂ ಅಟ್ಟಿಸ್ಕೊಂಡು ಬರುತ್ತೆ. ಇದಕ್ಕೆ ಏನು ಮಾಡ್ಬೇಕು ಹೇಳಿ."

ಕೇಳುವುದಿಲ್ಲ ಎಂದು ಹಳ್ಳದಲ್ಲಿ ನಿಶ್ಚಯಿಸಿದ್ದೆ. ಅದೂ ಅಲ್ಲದೆ, ಕೇಳುವುದು ನನಗೆ ಬರುವುದೇ ಇಲ್ಲ. ಆದರೆ ಅವಳೇ ಬಾಗಿಲು ತೆರೆದು ನಿಂತಿದ್ದಳು. ವೆಲ್ಡಾ ಮಗ್ಗುಲಲ್ಲಿ ನಿಂತು ಮೊಣಕೈಯಿಂದ ತಿವಿದಂತಾಯಿತು.

"ನಿಮ್ಮ ದಿಣ್ಣೆ ಮೇಲೆ ನಾನು ಬೇಟೆಗೆ ಕೂರಬಹುದಾ?" ಎಂದೆ. ಎಂದು, ಬಾಯಿ ಮುಚ್ಚಿದೆ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಹೊರಗೆ ಹುಂಜ ಕುಕ್ಕುತ್ತಲೇ ಇತ್ತು.

"ಇದನ್ನ ಕೇಳೋಕ್ಕೇ ಬಂದಿದ್ರಾ?"

"ಇಲ್ಲಮ್ಮ. ಪಾತ್ರೆ ಕೊಡೋಕ್ಕೆ ಬಂದಿದ್ದೆ. ಆದ್ರೆ ಆಸೆ ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ."

"ತಿನ್ನೋಕ್ಕೆ ತಾನೇ ಹೊಡೆಯೋದು?"

"ತಿನ್ನೋಕ್ಕೇ. ವೆಲ್ಡಾ ಒಂದು ಎಲುಬನ್ನೂ ಬಿಸಾಡ್ತಿರ್ಲಿಲ್ಲ."

"ಹಾಗಾದ್ರೆ ಬನ್ನಿ. ಈ ವರ್ಷ ಬನ್ನಿ, ಮುಂದಿನ ವರ್ಷಾನೂ ಬನ್ನಿ. ಬರುವಾಗ ಬಾಗಿಲು ತಟ್ಟಿ. ಕಾಫಿ ಕುಡಿದೇ ಹೋಗ್ಬೇಕು."

ಮರುದಿನ ಬೆಳಕು ಹರಿಯುವ ಮುನ್ನ ಬಿಳಿ ಓಕ್ ಮರದ ಬುಡದಲ್ಲಿದ್ದೆ. ಬೇರುಗಳು ನನ್ನ ಬೆನ್ನನ್ನು ಮರೆತಿರಲಿಲ್ಲ. ಡಾಗ್‌ವುಡ್ ಹೂವು ಕತ್ತಲಲ್ಲೇ ಬೆಳ್ಳಗೆ ಕಾಣುತ್ತಿತ್ತು. ಹುಂಜ ಮರದ ಮೇಲಿಂದ ಕೂಗಿತು. ನಾನು ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಒಂದು ಸಲ ಎಳೆದು, ಪಕ್ಕಕ್ಕಿಟ್ಟೆ. ಕಾಯುತ್ತಾ ಕುಳಿತಾಗ ಪ್ರಾರ್ಥನೆ ಬಂತು. ಏನನ್ನೂ ಬೇಡುವ ಪ್ರಾರ್ಥನೆಯಲ್ಲ. ಅವಳನ್ನು ಇಷ್ಟು ವರ್ಷ ನನ್ನ ಬಳಿ ಬಿಟ್ಟಿದ್ದೆಯಲ್ಲ, ಒಳ್ಳೆಯದಾಯಿತು, ಎಂದಷ್ಟೇ. ಕಣ್ಣು ಒರೆಸಿಕೊಂಡು ನೋಡುವಾಗ ಹುಂಜ ಎದುರಿಗೇ ಬಾಲ ಬಿಚ್ಚಿ ನಿಂತಿತ್ತು. ಕೋವಿ ಎತ್ತಿದೆ. ಒಂದೇ ಗುಂಡಿಗೆ ಬಿತ್ತು, ಒದ್ದಾಡಲಿಲ್ಲ. ಪಕ್ಕದಲ್ಲಿ ಮೊಣಕಾಲೂರಿ, ಅದರ ಬೆಚ್ಚನೆಯ ಗರಿಗಳ ಮೇಲೆ ಕೈ ಇಟ್ಟು, ಕೊಟ್ಟವನಿಗೆ ವಂದನೆ ಹೇಳಿದೆ.

ಕೊರ್ನೀಲಿಯಾ ಎದೆಯ ಮಾಂಸವನ್ನು ನನ್ನ ಅಣಬೆಯ ಜೊತೆ ಬೆಣ್ಣೆಯಲ್ಲಿ ಹುರಿದಳು. ತಟ್ಟೆ ಮುಂದಿಟ್ಟಾಗ ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಿದೆ. ಮಾತುಗಳು ತಡವರಿಸುತ್ತಾ ಬಂದವು. ಮುಗಿಸಿದೆ. ಅವಳು ತನ್ನ ರೀತಿಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡು "ಆಮೆನ್" ಎಂದಳು.

ಕಂಬಗಳ ಬಣ್ಣ ಬದಲಿಸೋಣವೆಂದು ಹೇಳಿದರೆ ಅವಳು ಕೇಳಲಿಲ್ಲ. ಒಳ್ಳೆಯ ಬಣ್ಣವಂತೆ, ಇನ್ನೂ ಹತ್ತು ವರ್ಷ ಬಾಳುತ್ತದಂತೆ. ಅದರ ಬದಲು ಒಂದು ಹಲಗೆಯ ಮೇಲೆ 'ಬನ್ನಿ, ಕೇಕ್ ಇದೆ' ಎಂದು ದಪ್ಪಕ್ಷರದಲ್ಲಿ ಬರೆದು, ನನ್ನ ಕೈಯಲ್ಲೇ ಬಲಗಡೆಯ ಕಂಬಕ್ಕೆ ಮೊಳೆ ಹೊಡೆಸಿದಳು. ಭಾನುವಾರ ಚರ್ಚು ಮುಗಿದ ಮೇಲೆ ನಾನು ಹೋದಾಗ ಹೋಯ್ಟ್ ಆ ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಹಲಗೆ ನೋಡುತ್ತಿದ್ದ, ಕಂಬ ನೋಡುತ್ತಿದ್ದ.

"ಅರ್ವಿಲ್, ಇದರಲ್ಲಿ ಯಾವುದನ್ನೋ ನಂಬೋದು?"

"ಹಸಿವಾಗಿದೆಯಾ?"

"ಆಗಿದೆ."

"ಹಾಗಾದ್ರೆ ಹಲಗೆಯನ್ನ ನಂಬು" ಎಂದೆ. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಂಬಗಳಿಗೆ ಮೈ ತಾಗದಂತೆ ಮಧ್ಯದಲ್ಲಿ ನಡೆದು ನನ್ನ ಹಿಂದೆ ಬಂದ.