ನದಿ ಶುದ್ಧವಾಗಿದ್ದ ದಿನಗಳು

ಗೆರಾಸಿಮ್ ಶವಪೆಟ್ಟಿಗೆಯ ಹಿಡಿಗೆ ಕೈ ಹಾಕಿ ಭಾರ ನೋಡುತ್ತಿದ್ದಾಗ ಸತ್ತವನ ಹೆಂಡತಿ ಸವೇತಾ ಬಂದು ಅವನ ತೋಳಿಗೆ ಕಟ್ಟಿದ್ದ ಕಸೂತಿ ಟವೆಲನ್ನು ಬಿಚ್ಚಿಕೊಂಡಳು. ಹೆಣ ಹೊರುವವರಿಗೆಲ್ಲ ಅಂಥದ್ದೊಂದು ಟವೆಲು ಕಟ್ಟಿದ್ದರು. ಅವನದನ್ನು ಮಡಚಿ ಅವಳು ಕಂಕುಳಲ್ಲಿ ಇಟ್ಟುಕೊಂಡಳು.

“ನದಿ ಆಫೀಸಿನವರು ಹೊರೋದು ಬೇಡ.”

ಗೆರಾಸಿಮ್ ನದಿಯ ನೀರು ಪರೀಕ್ಷಿಸುವ ಆ ಸರ್ಕಾರಿ ಆಫೀಸಿನ ಜೀಪಿನ ಡ್ರೈವರ್. ಸತ್ತ ಅಕ್ಸೆಂತೆಯನ್ನು ಸ್ಲಾತ್ನಾ ನದಿಯ ಮೂಲದಿಂದ ಸಂಗಮದ ತನಕ ವರ್ಷಗಟ್ಟಲೆ ಓಡಾಡಿಸಿದವನು. ಹೋಗಿ ಬಾಗಿಲ ಬಳಿ ನಿಂತ. ಅಲ್ಲಿ ಇಲಿಂಕಾ ಇದ್ದಳು. ನೀರಿನ ರಾಸಾಯನಿಕ ಪರೀಕ್ಷೆ ಅವಳದು, ನೀರೊಳಗಿನ ಜೀವಿಗಳ ಲೆಕ್ಕ ಅಕ್ಸೆಂತೆಯದು. ಆಫೀಸಿನಿಂದ ಬಂದವರು ಇವರಿಬ್ಬರೇ. ಸಾಹೇಬರು ಹೂವಿನ ಚಕ್ರವೊಂದನ್ನು ಕಳಿಸಿದ್ದರು. ಅದರ ಪಟ್ಟಿಯ ಮೇಲೆ ಕಳಿಸಿದವರ ಹೆಸರಿರಲಿಲ್ಲ.

ಕನ್ನಡಿಗೆ ಕಪ್ಪು ಬಟ್ಟೆ ಹೊದಿಸಿದ್ದ ಆ ಕೋಣೆಯಲ್ಲಿ ಅಕ್ಸೆಂತೆ ಕರಿ ಸೂಟು ತೊಟ್ಟು ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ. ಎದೆಯ ಮೇಲೆ ಮೇಣದಬತ್ತಿ, ಕಾಲಿಗೆ ಹೊಸ ಬೂಟು. ಒಲೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಇಬ್ಬರು ಮುದುಕಿಯರು ಮುಖ ನೋಡಿ ಮುಗಿಸಿ ಕಾಲಿಗೆ ಬಂದಿದ್ದರು.

“ಬೂಟು ನೋಡಿದ್ಯಾ?”

“ನೋಡ್ದೆ. ಒಳ್ಳೇ ಚರ್ಮ.”

“ಒಳ್ಳೇ ಚರ್ಮ ಈ ಊರಲ್ಲಿ ಎಲ್ಲಿಂದ ಬರುತ್ತೆ ಅಂತ ಗೊತ್ತಲ್ಲ.”

ಊರಿನ ಮೇಲ್ಭಾಗದಲ್ಲಿ, ನದಿಯ ತಿರುವಿನಲ್ಲಿ, ಚರ್ಮ ಹದ ಮಾಡುವ ಕಾರ್ಖಾನೆ ಇತ್ತು. ಅದರ ಹೊಲಸು ನೀರು ನದಿಗೆ ಬೀಳುತ್ತದೆಂದು ಎಲ್ಲರೂ ಬಲ್ಲರು. ಆದರೆ ಕೆಲವು ವರ್ಷಗಳಿಂದ, ಆಫೀಸಿನವರು ಮುನ್ಸೂಚನೆ ಕೊಡದೆ ಸೀಸೆ ತುಂಬಲು ಬಂದ ದಿನವೆಲ್ಲ ನದಿ ಶುದ್ಧವಾಗಿರುತ್ತಿತ್ತು. ಯಾವತ್ತು ಬರುತ್ತಾರೆಂದು ಗೊತ್ತಿರುತ್ತಿದ್ದುದು ಅಕ್ಸೆಂತೆ, ಇಲಿಂಕಾ, ಗೆರಾಸಿಮ್ ಮೂವರಿಗೆ. ಸವೇತಾಳ ತಮ್ಮ ಪಾಂಫಿಲ್ ಆ ಕಾರ್ಖಾನೆಯ ಪಂಪು ನೋಡಿಕೊಳ್ಳುವವನು. ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಆಫೀಸೂ ತೀರ್ಮಾನಿಸಿತ್ತು.

*

ಎರಡು ತಿಂಗಳ ಹಿಂದೆ, ಮೇ ತಿಂಗಳು. ಅಕ್ಸೆಂತೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಬಲೆಯನ್ನು ಹರಿವಿಗೆ ಅಡ್ಡ ಹಿಡಿದು, ತಳದ ಕಲ್ಲುಗಳನ್ನು ಬೂಟುಗಾಲಿನಿಂದ ಒದೆಯುತ್ತಿದ್ದ. ಕಲ್ಲಿಗೆ ಅಂಟಿಕೊಂಡ ಹುಳುಗಳು ಕಿತ್ತು ಬಂದು ಬಲೆಗೆ ಬೀಳುತ್ತವೆ. ಬಂದದ್ದನ್ನು ಬಿಳಿ ತಟ್ಟೆಗೆ ಸುರಿದು ಇಕ್ಕಳದಲ್ಲಿ ಹೆಕ್ಕಬೇಕು. ಈ ಒದೆತ, ಈ ಹೆಕ್ಕುವಿಕೆಯಲ್ಲೇ ಅವನ ಮೂವತ್ತು ವರ್ಷ ಕಳೆದಿತ್ತು. ಸೊಂಟ ಹಿಡಿದುಕೊಂಡಿತ್ತು, ಬಡ್ತಿ ಬಂದಿರಲಿಲ್ಲ.

“ಎರಡು ಬಾಲದ್ದು ಒಂದೂ ಇಲ್ಲ,” ಅಂದ. “ಕೆಂಪು ಹುಳ, ಜಿಗಣೆ, ಇಷ್ಟೇ.”

ಎರಡು ಬಾಲದ ಆ ಪುಟ್ಟ ಹುಳು ಕೊಳಕು ನೀರಿನಲ್ಲಿ ಬದುಕುವುದಿಲ್ಲ. ನೀರು ಚೆನ್ನಾಗಿದೆಯಲ್ಲ ಸರ್, ನಿನ್ನೆ ತಾನೇ ಫಲಿತಾಂಶ ಬಂತು ಎಂದು ಇಲಿಂಕಾ ದಡದಿಂದಲೇ ಹೇಳಿದಳು. ಅವಳ ಸೀಸೆಯಲ್ಲಿರುವುದು ಒಂದು ದಿನದ ನೀರು, ಹುಳುಗಳು ವರ್ಷವಿಡೀ ಅಲ್ಲೇ ಇರುತ್ತವೆ ಎಂದು ಅವನೆಂದ. ಈ ಮಾತು ಅವರ ನಡುವೆ ಹಳೆಯದಾಗಿತ್ತು. ಹುಳುಗಳ ಲೆಕ್ಕವನ್ನು ಅವನೇ ಕೆಡಿಸಿ ತನ್ನ ಮೇಲಿನ ಅನುಮಾನವನ್ನು ಬೇರೆ ಕಡೆ ತಿರುಗಿಸುತ್ತಿದ್ದಾನೆ ಎಂದು ಕೂಡ ಅವಳಿಗೆ ಆಗಾಗ ಅನ್ನಿಸಿತ್ತು.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಸೀಸೆ ತುಂಬೋಕೆ ಸೋಮವಾರ ಹೋಗ್ತೀನಿ ಅಂತ ನಂಗೆ ಹೇಳಿದ್ದೆ. ನೀನು ಹೋಗಿದ್ದು ಮಂಗಳವಾರ.”

“ಬೇರೆ ಕೆಲಸ ಬಿತ್ತು ಸರ್.”

“ಮಂಗಳವಾರಾನೂ ನೀರು ಶುದ್ಧವಾಗೇ ಇತ್ತಲ್ಲ?”

“ಹೂಂ.”

“ಹಾಗಾದ್ರೆ ನಿನ್ನ ಪರೀಕ್ಷೇಲಿ ನಾನು ಪಾಸೋ ಫೇಲೋ?”

ಇಲಿಂಕಾ ಜೀಪಿನ ಕಡೆ ನಡೆದಳು. ದಿನ ಬದಲಾದದ್ದನ್ನು ಅವನು ಹೇಗೋ ಪತ್ತೆ ಮಾಡಿ ಕಾರ್ಖಾನೆಗೆ ತಿಳಿಸಿದ್ದಾನೆ ಎಂದೇ ಅಂದುಕೊಂಡಳು. ಆ ವಾರವೇ ಸಾಹೇಬರ ಮುಂದೆ ಹೋಗಿ ಅಂದುಕೊಂಡದ್ದನ್ನು ಹೇಳಿದಳು. ವಿಚಾರಣೆ ಆಗುವ ತನಕ ಮುನ್ಸೂಚನೆ ಇಲ್ಲದ ಭೇಟಿಗಳೆಲ್ಲ ನಿಲ್ಲಲಿ ಎಂದು ಸಾಹೇಬರು ಅಪ್ಪಣೆ ಮಾಡಿದರು. ಅಕ್ಸೆಂತೆಗೆ ಜೀಪು ತಪ್ಪಿತು. ಅವನು ಬಲೆ ಹೊತ್ತು ನಡೆದೇ ನದಿಗೆ ಹೋಗತೊಡಗಿದ. ಜುಲೈ ಸೆಕೆಯಲ್ಲಿ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಬಿದ್ದ. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ.

*

ಅಂಗಳದಲ್ಲಿ ಹೆಂಗಸರು ಕೋಸಿನ ಎಲೆಯಲ್ಲಿ ಮಾಂಸ, ಅಕ್ಕಿ ಇಟ್ಟು ಸುರುಳಿ ಸುತ್ತುತ್ತಿದ್ದರು. ಪಾಂಫಿಲನ ಹೆಂಡತಿ ಲುಕ್ರೆತ್ಸಿಯಾ ದೊಡ್ಡ ಪಾತ್ರೆಯ ಮುಂದೆ ಕೂತಿದ್ದಳು. ಸೇತುವೆ ಬಳಿಯ ಬಾರು ಅವಳದು. ಇಲಿಂಕಾಳನ್ನು ಕರೆದು ಒಂದು ಲೋಟ ಪ್ಲಮ್ ಸಾರಾಯಿ ಕೊಟ್ಟಳು. ಸತ್ತವರ ಹೆಸರಲ್ಲಿ ಕುಡಿಯಬೇಕು, ಬೇಡ ಅನ್ನುವ ಹಾಗಿಲ್ಲ. ಇಲಿಂಕಾ ಒಂದೆರಡು ಹನಿ ನೆಲಕ್ಕೆ ಚೆಲ್ಲಿ ಕುಡಿದಳು.

ಲುಕ್ರೆತ್ಸಿಯಾ ಮಾತಿನ ಹೆಂಗಸು. ಸೆಕೆ, ನೊಣ, ಪಾದ್ರಿಗಳು ತಡ ಮಾಡಿದ್ದು, ಎಲ್ಲ ಆಯಿತು. ಆಮೇಲೆ ಐಸಿನ ಮಾತು ಬಂತು.

“ಮೊನ್ನೆ ಬೆಳಿಗ್ಗೇನೇ ಗೆರಾಸಿಮ್ ಬಂದು ಮೂರು ಮೂಟೆ ಐಸು ಕೇಳ್ದ ನೋಡು. ಅಕ್ಸೆಂತೆ ಅಣ್ಣ ಹೋದ ಸುದ್ದಿ ಇನ್ನೂ ನನಗೆ ಬಂದಿರ್ಲಿಲ್ಲ. ಮತ್ತೆ ನಿಮ್ಮ ನದಿ ಕೆಲಸ ಶುರುವಾಯ್ತು ಅಂದ್ಕೊಂಡೆ.”

ಇಲಿಂಕಾ ಲೋಟ ಕೆಳಗಿಟ್ಟಳು.

ತುಂಬಿದ ಸೀಸೆಗಳು ಪಟ್ಟಣದ ಲ್ಯಾಬು ಸೇರುವ ತನಕ ತಣ್ಣಗಿರಬೇಕು. ಆಫೀಸಿನ ಫ್ರೀಜರ್ ಕೆಟ್ಟು ವರ್ಷಗಳಾಗಿದ್ದವು. ಹೊಸದು ಕೇಳಿ ಕೇಳಿ ಸಾಕಾಗಿ, ಹೋಗುವ ಹಿಂದಿನ ಸಂಜೆ ಗೆರಾಸಿಮ್ ಈ ಬಾರಿನಿಂದಲೇ ಐಸು ತರುತ್ತಿದ್ದ. ಯಾರಿಗೂ ತಿಳಿಯದ ಹಾಗೆ ದಿನ ಗೊತ್ತು ಮಾಡಿ, ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಮಾತಾಡಿ, ಆಮೇಲೆ ಸೇತುವೆ ಬದಿಯ ಬಾರಿನಲ್ಲಿ ನಿಂತು ಐಸು ಕೊಂಡಿದ್ದರು, ಪ್ರತಿ ಸಲ. ಅಕ್ಸೆಂತೆಗೆ ಹೇಳದೆ ಮಂಗಳವಾರ ಹೋದ ಆ ಸಲವೂ, ಸೋಮವಾರ ಸಂಜೆ ಕೊಂಡಿದ್ದರು.

“ಐಸು ಕೊಂಡಿದ್ದು ಯಾರಿಗೆ ಹೇಳಿದ್ರಿ?”

“ಯಾರಿಗೆ ಹೇಳ್ತೀನಿ, ಮನೆಯವರಿಗೆ. ಇವತ್ತು ಐಸು ಹೋಯ್ತಾ ಅಂತ ದಿನಾ ಸಂಜೆ ಕೇಳ್ತಾರೆ. ಹೋಯ್ತು ಅಂದ್ರೆ ಎದ್ದು ಕಾರ್ಖಾನೆಗೆ ಹೋಗ್ತಾರೆ.” ಒಂದು ಎಲೆ ಸುತ್ತಿ ಪಾತ್ರೆಗಿಟ್ಟಳು. “ಈಗಲೂ ಪಾಪ ಸರಿಯಾಗಿ ನಿದ್ದೇನೇ ಮಾಡ್ತಿಲ್ಲ. ನಿಮ್ಮ ಜೀಪು ಹೆಣದ ಮನೆ ಮುಂದೇನೇ ನಿಂತಿದೆಯಲ್ಲ. ಕಾರ್ಖಾನೆ ನೀರು ತಡೆದಿಡೋ ಮೇಲಿನ ಹೊಂಡ ತುಂಬಿಹೋಗಿದೆಯಂತೆ…”

ಮಾತು ಅಲ್ಲಿಗೆ ನಿಂತಿತು. ಮುಂದಿನ ಎಲೆ ಕೈಯಲ್ಲೇ ಉಳಿಯಿತು. ಅವಳಿಗೆ ಇಷ್ಟು ದಿನ ಏನೂ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಯೋಚಿಸಿರಲಿಲ್ಲವೇ, ಮುಖ ನೋಡಿ ಹೇಳುವಂತಿರಲಿಲ್ಲ.

ಇಲಿಂಕಾ ಒಳಗೆ ಹೋಗಿ ಸವೇತಾಳ ಪಕ್ಕ ಕೂತಳು. ತಗ್ಗಿದ ದನಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು. ಸವೇತಾ ಅವಳ ಕಡೆ ತಿರುಗಲಿಲ್ಲ. ಪೆಟ್ಟಿಗೆಯ ಕೆಳಗೆ, ಹೆಣ ಕೆಡದಿರಲೆಂದು ಗೆರಾಸಿಮ್ ತಂದಿದ್ದ ಐಸು ತಗಡಿನ ಟಬ್ಬುಗಳಲ್ಲಿ ಕರಗುತ್ತಿತ್ತು.

“ನನಗ್ಯಾಕೆ ಹೇಳ್ತೀಯ? ಇವರು ಹೇಳಿಲ್ಲ ಅಂತ ನನಗೆ ಮೊದಲೇ ಗೊತ್ತು,” ಅಂದಳು. “ಊರಿಗೆ ಹೇಳು.”

“ಬರೀ ಬಾಯಲ್ಲಿ ಹೇಳಿದ್ರೆ ಊರು ನಂಬಲ್ಲಮ್ಮ. ನೀರು ಸಿಗಬೇಕು.”

ಎಲ್ಲರೂ ಹೆಣದ ಹಿಂದೆ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋದಾಗ ಹೊಂಡದ ನೀರನ್ನು ನದಿಗೆ ಬಿಡುತ್ತಾರೆ ಎಂದು ಇಲಿಂಕಾಳ ಊಹೆ. ಅಲ್ಲಿಂದ ನದಿ ಕಾಣುವುದಿಲ್ಲ. ಆ ನೀರು ಇಳಿದು ಬರುವ ತನಕ ನಾವೆಲ್ಲ ಹೆಣದೊಂದಿಗೆ ಸೇತುವೆ ದಾಟದೆ ಇರಬೇಕು ಎಂದಳು.

ಸವೇತಾ ಗಂಡನ ಬೂಟನ್ನು ನೋಡಿದಳು. ಆಮೇಲೆ ಎದ್ದು ಟಬ್ಬಿನ ಮೇಲಿನ ಬಟ್ಟೆ ಸರಿಸಿದಳು. ತಳದಲ್ಲಿ ಇನ್ನೂ ಗಟ್ಟಿ ತುಂಡುಗಳಿದ್ದವು.

“ಈ ಸಲ ಬಾರಿಗೆ ಹೋಗ್ಬೇಡಿ,” ಅಂದಳು. “ಇದನ್ನೇ ತಗೊಳ್ಳಿ.”

*

ಸೇತುವೆಯ ನಡುವೆ ಬಿಳಿ ಬಟ್ಟೆ ಹಾಸಿದರು. ಸತ್ತವರ ಜೀವ ಮುಂದೆ ಅಡ್ಡ ಬರುವ ಹೊಳೆಗಳನ್ನು ದಾಟಲಿಕ್ಕೆ ಅದು ಬೇಕು ಎಂದು ನಂಬಿಕೆ. ಪೆಟ್ಟಿಗೆಯನ್ನು ಅದರ ಮೇಲೆ ಇಳಿಸಿದರು. ಪಾದ್ರಿ ಒಂದು ಸಣ್ಣ ಪಾಠ ಓದಿ ಪುಸ್ತಕ ಮುಚ್ಚಿದರು.

“ಪೂರ್ತಿ ಓದಿ ಪಾದ್ರಿಗಳೇ,” ಅಂದಳು ಸವೇತಾ.

ಅವರು ಬೆವರು ಒರೆಸಿಕೊಂಡು ಮತ್ತೆ ಪುಸ್ತಕ ತೆರೆದರು.

ಪಾಂಫಿಲ್ ಅಕ್ಕನ ಹಿಂದೆಯೇ ಇದ್ದ. ತಡವಾಗಿ ಬಂದಿದ್ದ, ಕೋಟಿಗೆ ಕಾರ್ಖಾನೆಯ ಸುಣ್ಣದ ವಾಸನೆ ಇತ್ತು. ಪಾಠ ಮುಗಿದಾಗ ಬಗ್ಗಿ ಅವಳ ಕಿವಿಯಲ್ಲಿ ಬಿಸಿಲು ಜಾಸ್ತಿಯಾಯಿತು, ಭಾವನನ್ನು ಹೀಗೆ ನಡುದಾರಿಯಲ್ಲಿ ಇಡಬಾರದು ಅಂದ. ಇನ್ನೊಂದು ಓದಲಿ ಅಂದಳು ಅವಳು. ಜನರಲ್ಲಿ ಗುಸುಗುಸು ಹುಟ್ಟಿತು. ನದಿ ಆಫೀಸಿನ ಜೀಪು ಸೇತುವೆಯ ತುದಿಗೆ ಬಂದು ನಿಂತಿರುವುದನ್ನೂ ಇಲಿಂಕಾ ಕೈಯಲ್ಲಿ ಸೀಸೆಗಳ ಪೆಟ್ಟಿಗೆಯೊಂದನ್ನು ಹಿಡಿದಿರುವುದನ್ನೂ ಅವರು ಗಮನಿಸಿದ್ದರು. ಸತ್ತವನನ್ನೂ ಬಿಡೋಲ್ಲ ಇವರು ಎಂದು ಯಾರೋ ಅಂದರು. ಕೆಳಗೆ ನೀರು ತಿಳಿಯಾಗಿ ಹರಿಯುತ್ತಿತ್ತು. ತಳದ ಕಲ್ಲುಗಳು ಕಾಣುತ್ತಿದ್ದವು. ಇಲಿಂಕಾಳಿಗೆ ತನ್ನ ಊಹೆಯ ಮೇಲೆಯೇ ಅನುಮಾನ ಬಂತು.

“ಹೊರಡೋಣ ಅಕ್ಕ,” ಅಂದ ಪಾಂಫಿಲ್. ಈ ಸಲ ದನಿ ಎತ್ತರವಾಗಿತ್ತು.

“ನಿಂಗೇನು ಅವಸರ?”

“ನಂಗೇನು ಅವಸರ. ಬಿಸಿಲು.”

“ಅವರಿಗೆ ಈಗ ಬಿಸಿಲಿಲ್ಲ.”

ಪಾದ್ರಿ ಮೂರನೆಯ ಪಾಠದಲ್ಲಿದ್ದಾಗ ಮೊದಲು ವಾಸನೆ ಬಂತು. ಸುಣ್ಣ ಮತ್ತು ಕೊಳೆತ ಮೊಟ್ಟೆ. ಹೆಂಗಸರು ತಲೆವಸ್ತ್ರದಿಂದ ಮೂಗು ಮುಚ್ಚಿಕೊಂಡು ಹೆಣದ ಕಡೆ ನೋಡಿದರು. ಆಮೇಲೆ ತಿರುವಿನಿಂದ ನೀಲಿ ಬೂದು ಬಣ್ಣದ ನೀರು ಇಳಿದು ಬಂತು. ಮೇಲೆ ನೊರೆ, ನೊರೆಯಲ್ಲಿ ತೊಗಲಿನ ಕೂದಲು. ಅದು ಒಂದು ದಡ ಹಿಡಿದು ಬಂದು, ಸೇತುವೆಯ ಕಂಬದ ಬಳಿ ನದಿಯ ಅಗಲಕ್ಕೂ ಹರಡಿತು. ಕಲ್ಲುಗಳು ಮುಚ್ಚಿಹೋದವು.

ಇಲಿಂಕಾ ಚಪ್ಪಲಿ ಬಿಟ್ಟು ದಡಕ್ಕೆ ಇಳಿದಳು. ಗೆರಾಸಿಮ್ ಐಸಿನ ಡಬ್ಬಿ ಹೊತ್ತು ಹಿಂದೆಯೇ ಇಳಿದ. ಅವಳು ಸೀಸೆಯನ್ನು ಅದೇ ನೀರಿನಲ್ಲಿ ಗಲಬರಿಸಿ ಚೆಲ್ಲಿ, ಮತ್ತೆ ಗಲಬರಿಸಿ, ತುಂಬಿ, ಮುಚ್ಚಳಕ್ಕೆ ಮೊಹರು ಪಟ್ಟಿ ಸುತ್ತಿದಳು. ಆ ಪಟ್ಟಿಯ ಮೇಲೆ ಆಫೀಸಿನವರಲ್ಲದ ಒಬ್ಬರು ಸಹಿ ಹಾಕದಿದ್ದರೆ ಸೀಸೆಗೆ ಬೆಲೆ ಇಲ್ಲ.

“ಯಾರಾದ್ರೂ ಒಬ್ರು ಸಹಿ ಮಾಡ್ಬೇಕು,” ಎಂದು ಮೇಲೆ ನೋಡಿ ಹೇಳಿದಳು.

ಯಾರೂ ಕದಲಲಿಲ್ಲ. ಸೇತುವೆಯ ಮೇಲಿದ್ದ ಅರ್ಧ ಜನರ ಊಟ ಆ ಕಾರ್ಖಾನೆಯದು. ಸವೇತಾ ಒಂದು ಹೆಜ್ಜೆ ಮುಂದೆ ಇಟ್ಟಳು.

“ಮನೆಯವರದು ಆಗಲ್ಲಮ್ಮ,” ಅಂದಳು ಇಲಿಂಕಾ. “ಇವರ ಹೆಂಡತಿ ಅಂತ ಅದನ್ನೂ ತಳ್ಳಿಹಾಕ್ತಾರೆ.”

ಸವೇತಾ ತಿರುಗಿ ಲುಕ್ರೆತ್ಸಿಯಾಳನ್ನು ನೋಡಿದಳು. ಲುಕ್ರೆತ್ಸಿಯಾ ನೀರು ನೋಡಿದಳು, ಗಂಡನನ್ನು ನೋಡಿದಳು.

“ಇವತ್ತು ಬಿಡ್ತಾರೆ ಅಂತ ನಿಮಗೆ ಗೊತ್ತಿತ್ತಾ?” ಎಂದು ಕೇಳಿದಳು.

ಪಾಂಫಿಲ್ ಅವಳ ಮೊಣಕೈ ಹಿಡಿದ. “ಸುಮ್ನೆ ನಿಂತ್ಕೋ.”

“ಅಕ್ಸೆಂತೆ ಅಣ್ಣನ್ನ ಎಲ್ಲ ಬೈತಿದ್ದಾಗ ನೀವೂ ಬಾರಲ್ಲಿ ಕೂತಿದ್ರಿ. ಸುಮ್ನೇ ಇದ್ರಿ.”

ಅವನು ಕೈ ಬಿಡಲಿಲ್ಲ. ಅವಳೇ ಬಿಡಿಸಿಕೊಂಡಳು. ಸ್ಕರ್ಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ದಡದ ಕಲ್ಲುಗಳ ಮೇಲೆ ಜಾರುತ್ತ ಇಳಿದು, ಗೆರಾಸಿಮ್ ಬಾಗಿ ಒಡ್ಡಿದ ಬೆನ್ನಿನ ಮೇಲೆ ಪಟ್ಟಿಯನ್ನಿಟ್ಟು ನಿಧಾನವಾಗಿ ತನ್ನ ಹೆಸರು ಬರೆದಳು.

ಅದನ್ನು ನೋಡಲು ಜನ ಸೇತುವೆಯ ಅಂಚಿನ ಕಟಾಂಜನಕ್ಕೆ ಒತ್ತಿಕೊಂಡರು. ಪೆಟ್ಟಿಗೆ ಹೊತ್ತು ತಂದವರೂ ಹೋದರು, ಮುದುಕಿಯರೂ ಹೋದರು, ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಪಾದ್ರಿಯೂ ಹೋದರು. ಸವೇತಾ ಅವರ ನಡುವೆ ಜಾಗ ಮಾಡಿಕೊಂಡು ನಿಂತಳು. ಎಲ್ಲರ ಮುಖ ನೀರಿನ ಕಡೆ, ಬೆನ್ನು ಹೆಣದ ಕಡೆ. ಬಿಳಿ ಬಟ್ಟೆಯ ಮೇಲೆ ತೆರೆದ ಪೆಟ್ಟಿಗೆಯ ಪಕ್ಕ ಪಾಂಫಿಲ್ ಒಬ್ಬನೇ ಉಳಿದಿದ್ದ. ಹ್ಯಾಟು ಕೈಯಲ್ಲಿತ್ತು. ನದಿಗೆ ಬೆನ್ನು ಹಾಕಿ ಅವನು ಭಾವನ ಮುಖವನ್ನೇ ನೋಡುತ್ತಿದ್ದ.