ನಾಲ್ಕು ಬೆರಳು ಮೇಲಿದ್ದ ಅಂಚು

ಸೊಸೆಯ ಮುರಿದ ಕಾಲಿನ ಮೂಳೆ ಕೂಡಿ ಎಂಟು ತಿಂಗಳಾಗಿತ್ತು. ಉರಿ ಮಾತ್ರ ಆರಿರಲಿಲ್ಲ. ಲಂಗದ ಅಂಚು ಸೋಕಿದರೂ ಬಲಪಾದ ಕೆಂಡದ ಮೇಲೆ ಇಟ್ಟ ಹಾಗಾಗುತ್ತಿತ್ತು. ಸೊಸೆ ದರ್ಜಿ. ಅಂಚನ್ನು ಬಲಗಡೆ ನಾಲ್ಕು ಬೆರಳು ಮೇಲಕ್ಕೆ ಮಡಿಸಿ ಹೊಲಿದುಕೊಂಡಳು. ಹೊಲಿಗೆ ಯಂತ್ರ ತುಳಿಯುವುದಂತೂ ದೂರದ ಮಾತಾಯಿತು.

"ಎಕ್ಸ್‌ರೇಲಿ ಏನೂ ಇಲ್ವಂತೆ, ಇವಳಿಗೆ ಮಾತ್ರ ನೋವಂತೆ!" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ದಿನ ಸೊಸೆಗೇ ಅಂದರು, "ಸೋಮವಾರ ನಿನ್ನ ನಾದಿನಿ ಬಂದು ಯಂತ್ರ ತಗೊಂಡು ಹೋಗ್ತಾಳೆ. ಧೂಳು ಕುಡೀತಾ ಕೂತಿದೆ."

ಸೊಸೆ ಎಂದೂ ಎದುರಾಡಿದವಳಲ್ಲ. ಅಂದೂ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಊರಿನ ಆಸ್ಪತ್ರೆಯ ನರ್ಸಕ್ಕ ತನ್ನ ಸಮವಸ್ತ್ರ ಕೈಹೊಲಿಗೆಯಲ್ಲೇ ಸಡಿಲ ಮಾಡಿಸಲು ಬಂದಳು. "ಅಲ್ವೇ, ಊರಿಗೆಲ್ಲ ನೆಟ್ಟಗೆ ಹೊಲಿಯೋಳ ಲಂಗ ಸೊಟ್ಟನಾ?"

ಸೊಸೆ ಪಾದ ತೋರಿಸಿದಳು. ಊದಿಕೊಂಡು, ಕೆಂಪು ನೀಲಿಯಾಗಿ ಹೊಳೆಯುತ್ತಿತ್ತು.

"ನಾಟಕ," ಎಂದರು ಅತ್ತೆ.

"ನಾಟಕದವರು ಮುಖಕ್ಕೆ ಬಣ್ಣ ಹಚ್ಕೋತಾರಮ್ಮ, ಪಾದಕ್ಕಲ್ಲ. ಗಾಯ ಮಾಗಿದ್ರೂ ನರ ಕೂಗೋದು ನಿಲ್ಸಿಲ್ಲ. ಇಂಥ ಕಾಯಿಲೆ ಇದೆ. ನೋವಿನ ಡಾಕ್ಟರಿಗೆ ತೋರಿಸಿ. ಮೊದಲು ಮಾತ್ರೆ, ವ್ಯಾಯಾಮ. ಅದಕ್ಕೂ ಬಗ್ಗದಿದ್ರೆ, ಕೆಲವರಿಗೆ ಬೆನ್ನೆಲುಬಿನ ಹತ್ರ ಸಣ್ಣ ತಂತಿ ಇಟ್ಟು ಮೆಲ್ಲಗೆ ಕರೆಂಟ್ ಕೊಡ್ತಾರೆ. ಮಿದುಳಿಗೆ ಹೋಗೋ ನೋವು ತಗ್ಗುತ್ತೆ."

"ಕರೆಂಟಾ! ನನ್ನ ಸೊಸೆ ಏನು ರೇಡಿಯೋನಾ? ಮೊದಲು ಆ ಯಂತ್ರ ಸಾಗಿಸೋಣ."

ಸೊಸೆ ಗೋಡೆ ಹಿಡಿದು ಎದ್ದಳು. ಕುಂಟುತ್ತ ಹೋಗಿ ಯಂತ್ರದ ಮೇಲೆ ಕೈಯಿಟ್ಟಳು.

"ಇದು ಎಲ್ಲೂ ಹೋಗಲ್ಲ ಅತ್ತೆ. ನೋವಿಲ್ಲ ಅನ್ನೋಕೆ ನೀವೇನು ನನ್ನ ಕಾಲೊಳಗೆ ಇಳಿದು ನೋಡಿದ್ದೀರಾ?"

ಸೋಮವಾರ ನಾದಿನಿ ಬರಿಗೈಯಲ್ಲಿ ವಾಪಸಾದಳು.

ಸೊಸೆ ನೋವಿನ ಡಾಕ್ಟರಿಗೆ ತೋರಿಸಿದಳು. ತಿಂಗಳುಗಟ್ಟಲೆ ಮಾತ್ರೆ, ವ್ಯಾಯಾಮ ನಡೆಯಿತು. ಉರಿ ಜಗ್ಗಲಿಲ್ಲ. ಡಾಕ್ಟರು ತಂತಿಯ ಮಾತೆತ್ತಿದರು. ಸೋಂಕಾಗಬಹುದು, ತಂತಿ ಜರುಗಬಹುದು ಎಂದೂ ಮುಚ್ಚುಮರೆಯಿಲ್ಲದೆ ತಿಳಿಸಿದರು.

"ಒಳಗಿಟ್ಟ ಮೇಲೆ ಸರಿಹೋಗದಿದ್ರೆ?" ಅತ್ತೆ ಸೊಸೆಯ ಕೈ ಹಿಡಿದು ಕೇಳಿದರು.

"ಮೊದಲು ಕಚ್ಚಾ ಹೊಲಿಗೆ ಅತ್ತೆ. ತಂತಿ ಒಂದು ವಾರ ಹಾಕಿ ನೋಡ್ತಾರೆ. ಒಗ್ಗಿದ್ರೆ ಗಟ್ಟಿ ಹೊಲಿಗೆ, ಇಲ್ಲಾಂದ್ರೆ ಬಿಚ್ಚೋದು."

"ಹಾಗಂತ ಮೊದಲೇ ಹೇಳಬಾರದೇನೇ!"

ಒಗ್ಗಿತು. ನೋವು ಪೂರ್ತಿ ಹೋಗಲಿಲ್ಲ, ಅರ್ಧಕ್ಕಿಳಿಯಿತು. ತಂತಿಯನ್ನು ಕಾಯಂ ಇಟ್ಟ ಗಾಯ ಮಾಗಿ, ಡಾಕ್ಟರು ಒಪ್ಪಿದ ಮೇಲೆ ಒಂದು ಬೆಳಿಗ್ಗೆ ಒಳಮನೆಯಿಂದ ಯಂತ್ರದ ಸದ್ದು ಕೇಳಿತು. ಅತ್ತೆ ಕತ್ತರಿ ಹಿಡಿದು ಬಂದರು.

"ಆ ಸೊಟ್ಟ ಅಂಚು ಬಿಚ್ಚೇ ಮಹರಾಯ್ತಿ. ನೋಡಿದೋರು ನನ್ನ ಸೊಸೆಗೆ ಹೊಲಿಯಕ್ಕೆ ಬರಲ್ಲ ಅಂದಾರು!"

ಅಕ್ಕತಂಗಿಯರೇ, ಪೆಟ್ಟು ಮಾಗಿದರೂ ಉರಿ, ಊತ, ಬಣ್ಣ ಬದಲಾವಣೆ ಉಳಿದಿದೆಯೇ? ಬಟ್ಟೆ ಸೋಕಿದರೂ ನೋವೇ? ಬೇಗ ಡಾಕ್ಟರಿಗೆ ತೋರಿಸಿ. ನಿಮಗೆ ಯಾವ ಚಿಕಿತ್ಸೆ ಹೊಂದುತ್ತದೆ ಎಂದು ಕೇಳಿ. "ಏನೂ ಇಲ್ಲ" ಎಂದರೆ ತಲೆ ತಗ್ಗಿಸಿ ಮನೆಗೆ ಬರಬೇಡಿ. ಮತ್ತೆ ಕೇಳಿ. ನೋವು ನಿಮ್ಮದು, ಮಾತೂ ನಿಮ್ಮದೇ ಆಗಲಿ.