ಸೂಜಿ ಒಳಗಿರುವಾಗ

ಸ್ಕ್ಯಾನಿಂಗ್ ಕೋಣೆಯ ಮಂಚದ ಮೇಲೆ ನರಳುತ್ತ ಮಲಗಿದ್ದವನನ್ನು ಡಾಕ್ಟರ್ ನೋಡಿದ ಕೂಡಲೇ ಗುರುತಿಸಿದಳು. ಅವಳ ಅಕ್ಕನ ಗಂಡ. ಅವನಿಗೆ ಇವಳ ಗುರುತು ಹತ್ತಲಿಲ್ಲ. ಇವಳ ಮುಖಕ್ಕೆ ಮಾಸ್ಕ್ ಇತ್ತು. ಅಲ್ಲದೆ ಅವನು ಹಿಂದೆ ಕಂಡಿದ್ದು ಎರಡು ಜಡೆಯ ಸ್ಕೂಲು ಹುಡುಗಿಯನ್ನು.

ಅಕ್ಕ ಹೊಟ್ಟೆನೋವೆಂದು ಅಡುಗೆಮನೆಯ ನೆಲದಲ್ಲಿ ಹೊರಳಾಡುತ್ತಿದ್ದಾಗ ಇವನು "ಸಾಕು ನಿನ್ನ ನಾಟಕ" ಎಂದು ಹೊರಗಿನಿಂದ ಚಿಲಕ ಹಾಕಿ ಕೆಲಸಕ್ಕೆ ಹೋಗಿದ್ದ. ಭ್ರೂಣ ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲೇ ನಿಂತು, ನಾಳ ಒಡೆದಿತ್ತು. ರಕ್ತವೆಲ್ಲ ಹೊಟ್ಟೆಯೊಳಗೇ ಸುರಿದು ಅಕ್ಕ ಸತ್ತಳು. ಯಾರಾದರೂ ಒಮ್ಮೆ ಸ್ಕ್ಯಾನ್ ಮಾಡಿದ್ದರೆ ಕಾಣುತ್ತಿತ್ತು. ತಂಗಿ ಹಟ ಹಿಡಿದು ಇದೇ ವಿದ್ಯೆ ಕಲಿತಳು.

ಈಗ ಅವನ ಲಿವರಿನಲ್ಲಿ ಕೀವು ತುಂಬಿತ್ತು.

"ಪ್ರಾಣ ಹೋಗ್ತಿದೆ ಡಾಕ್ಟ್ರೇ, ಬೇಗ ಏನಾದ್ರೂ ಮಾಡಿ."

"ಮಾಡೋಣ. ನಿಮ್ಮ ಮನೆಯವರು ಒಳಗೇ ಇರ್ಲಿ."

ಅವನ ಎರಡನೆಯ ಹೆಂಡತಿ ಗೋಡೆಗೆ ಒರಗಿ ನಿಂತಳು.

ಜೆಲ್ ಹಚ್ಚಿ ಪ್ರೋಬ್ ಒತ್ತಿದಾಗ ಪರದೆಯ ಮೇಲೆ ಕೀವಿನ ಕಪ್ಪು ಮಡು ಕಂಡಿತು. ಅದರ ಪಕ್ಕದಲ್ಲೇ ದೊಡ್ಡ ರಕ್ತನಾಳ. ಕೀವು ತೆಗೆಯಲು ಸೂಜಿ ಚುಚ್ಚುವಾಗ ಕೈ ಒಂದಿಷ್ಟು ಜಾರಿದರೆ ಸಾಕು, ಯಾರಿಗೂ ಅನುಮಾನ ಬರುವುದಿಲ್ಲ. ಡಾಕ್ಟರ್ ಆ ನಾಳವನ್ನೇ ನೋಡುತ್ತ ನಿಂತಳು.

"ಸೂಜಿ ಕೊಡ್ಲಾ ಮೇಡಂ?" ನರ್ಸ್ ಕೇಳಿದಳು.

ಇವನು ಸತ್ತರೆ ತನ್ನ ಮಾತು ಕೇಳಿಸಿಕೊಳ್ಳುವವರು ಯಾರು? ಅವಳು ಮರಗಟ್ಟಿಸುವ ಮದ್ದು ಕೊಟ್ಟು, ಪರದೆಯಿಂದ ಕಣ್ಣು ಕೀಳದೆ, ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿದಳು. ಅದು ಬಿಳಿಗೆರೆಯಾಗಿ ಸಾಗಿ ಮಡುವನ್ನು ಮುಟ್ಟಿತು.

"ಉಸಿರು ಬಿಗಿಹಿಡೀರಿ. ಅಲ್ಲಾಡಿದ್ರೆ ನಾಳಕ್ಕೆ ಚುಚ್ಚುತ್ತೆ." ನಂತರ ಬಗ್ಗಿ, ಗೋಡೆಯ ಬಳಿ ನಿಂತವಳಿಗೂ ಕೇಳುವಂತೆ ಹೇಳಿದಳು: "ನನ್ನ ಗುರುತು ಸಿಗ್ಲಿಲ್ವಾ, ಭಾವ?"

ಅವನ ಕಣ್ಣುಗಳು ಅಗಲವಾದವು. ಬಾಯಿ ತೆರೆಯುವಂತಿರಲಿಲ್ಲ.

"ನೀವು ಹಾಕಿದ ಚಿಲಕದ ಹಿಂದೆ ಅಕ್ಕ ಸತ್ಲು. ಬಾಗಿಲು ಕೆರೆದು ಕೆರೆದು ಅವಳ ಉಗುರು ಕಿತ್ತುಹೋಗಿತ್ತು. ಅಮ್ಮ ಆ ಬೆರಳುಗಳನ್ನ ತೊಳೆದ್ಲು. ಅದೂ ನಾಟಕಾನಾ, ಹೇಳಿ?"

ಅವನ ಕಣ್ಣಿಂದ ನೀರು ಕಿವಿಗೆ ಇಳಿಯಿತು. ಉಸಿರು ಬಿಡಲು ಹೇಳಿ ಅವಳು ಕೊಳವೆ ಕೂರಿಸಿದಳು. ಕೀವು ಚೀಲಕ್ಕೆ ಸುರಿಯತೊಡಗಿತು. ಆಗ ಅವನು ಬಿಕ್ಕಿ ಬಿಕ್ಕಿ ಅತ್ತ.

"ಅವ್ರು ಹಾರ್ಟ್ ಅಟ್ಯಾಕಿಂದ ಹೋದ್ರು ಅಂದಿದ್ರಲ್ಲ ನಂಗೆ?" ಹೆಂಡತಿ ಅವನನ್ನು ಕೇಳಿದಳು.

"ಇವಳ ಮಾತು ಕಟ್ಕೊಂಡು ನೀನು..."

ಅವಳು ಅವನತ್ತ ತಿರುಗಲೇ ಇಲ್ಲ. "ಡಾಕ್ಟ್ರೇ, ನಂಗೂ ಬಲಪಕ್ಕೆ ಹಿಂಡುತ್ತೆ. ನಾಟಕ ಅಂತಾರೆ. ಒಂದ್ಸಲ ನೋಡ್ತೀರಾ?"

ಅವನನ್ನು ವಾರ್ಡಿಗೆ ಸಾಗಿಸಿ, ಅದೇ ಮಂಚಕ್ಕೆ ಬೇರೆ ಹಾಸು ಹಾಕಿ ಅವಳನ್ನು ಮಲಗಿಸಿದರು. ಪಿತ್ತಕೋಶದ ತುಂಬ ಕಲ್ಲು.

"ನೋಡಮ್ಮ, ಇಷ್ಟೂ ಕಲ್ಲು. ನಿನ್ನ ನೋವು ನಿಜ."

ಪರದೆ ನೋಡುತ್ತ ಆ ಹೆಂಗಸು ನಕ್ಕಳು, ಆಮೇಲೆ ಅತ್ತಳು. ಆಪರೇಷನ್ ಆದ ಮೇಲೆ ಅಣ್ಣನ ಜೊತೆ ನೇರವಾಗಿ ತವರಿಗೆ ಹೋದವಳು ಗಂಡನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಅವನು ಹುಷಾರಾದ, ಸೂಜಿ ಚುಚ್ಚಿಟ್ಟು ಬೆದರಿಸಿದಳೆಂದು ದೂರನ್ನೂ ಕೊಟ್ಟ. ಆಸ್ಪತ್ರೆಯ ಮುಖ್ಯಸ್ಥರು ಡಾಕ್ಟರನ್ನು ಕರೆಸಿ ಕ್ಷಮೆ ಕೇಳಲು ಹೇಳಿದರು. ಅವಳು ಒಪ್ಪಲಿಲ್ಲ. ಸೂಜಿ ಹಿಡಿಯುವ ಕೆಲಸದಿಂದ ಅವಳನ್ನು ದೂರವಿಟ್ಟರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಕೆಲಸ ಹೋಯಿತೇ ಎಂದು ಕೇಳಲಿಲ್ಲ.

"ಅತ್ತನಾ ಅವನು?"

"ಅತ್ತ."

"ಜೋರಾಗಿ?"

"ಹೂಂ, ಕಾರಿಡಾರಿಗೆಲ್ಲ ಕೇಳೋ ಹಾಗೆ."

ಅಮ್ಮ ಕಾಲು ಚಾಚಿ ಗೋಡೆಗೆ ಒರಗಿದಳು. "ಮೊದಲಿಂದ ಹೇಳು," ಎಂದಳು.